ನಿಜವಾದ ಒಂದು ಹನಿ

ಏಳನೇ ಸಲವೂ ಕಣ್ಣೀರು ಬರಲಿಲ್ಲ.

"ಕಟ್," ಎಂದಳು ಹೆಂಡತಿ, ಕ್ಯಾಮೆರಾದ ಹಿಂದಿನಿಂದ. "ಅತ್ತ ಹಾಗಿಲ್ಲ ರೀ, ಮೂಗಿಗೆ ಬಂದ ಸೀನು ತಡ್ಕೊಂಡ ಹಾಗಿದೆ."

ಸಹಜಣ್ಣನಿಗೆ ರೇಗಿತು. ಫೋನಿನಲ್ಲಿ ದಿನವೂ ಅವನ ವಿಡಿಯೋ ನೋಡುವ ನಾಲ್ಕು ಲಕ್ಷ ಜನ ಇಟ್ಟ ಹೆಸರು ಅದು. 'ನೀವು ನೀವಾಗಿರಿ' ಎನ್ನುವುದು ಅವನ ಮಂತ್ರ. ಅದನ್ನು ಹೇಳುವಾಗ ಎಡಗೈ ಎದೆಯ ಮೇಲಿರಬೇಕು, ಕೂದಲು ಕೆದರಿರಬೇಕು. ಕೆದರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುತ್ತಾರಲ್ಲ, ಹಾಗೆ. ಯಾವ ದಿನ ಯಾವ ನೋವು ಬಿಚ್ಚಿಡಬೇಕೆಂಬ ಪಟ್ಟಿಯನ್ನು ಹೆಂಡತಿಯೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ಸೋಮವಾರ ಬಾಲ್ಯದ ಅವಮಾನ, ಬುಧವಾರ ವ್ಯಾಪಾರದಲ್ಲಿ ಸೋಲು. ಅವನು ಜನ್ಮದಲ್ಲಿ ವ್ಯಾಪಾರ ಮಾಡಿದವನಲ್ಲ.

ಈಗ ಟೀವಿಯವರು ವಾರಕ್ಕೊಂದು ಗಂಟೆಯ ಕಾರ್ಯಕ್ರಮ ಕೊಡುವವರಿದ್ದರು. ಅದಕ್ಕಾಗಿ ಅವನು ಮೂರು ವರ್ಷದಿಂದ ಬಾಯಿ ಬಾಯಿ ಬಿಡುತ್ತಿದ್ದ. ಆದರೆ ಅಲ್ಲಿನ ಮೇಡಂ ಗಟ್ಟಿಗಿತ್ತಿ. ಗಂಡ ಹೆಂಡತಿ ಇಬ್ಬರಿಗೂ ಕೇಳುವಂತೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ಗ್ಲಿಸರಿನ್ ಕಣ್ಣೀರು ನೋಡಿ ನೋಡಿ ಸಾಕಾಗಿದೆ. ಭಾನುವಾರದೊಳಗೆ ನಿಜವಾದ ಒಂದು ಹನಿ ಕಣ್ಣೀರು ಯಾರು ತಂದುಕೊಡ್ತಾರೋ, ಕಾರ್ಯಕ್ರಮ ಅವರಿಗೆ."

ಗುರುವಾರ ಬೆಳಗ್ಗೆ ಪಟ್ಟಿಯಲ್ಲಿ ಹೊಸ ಸಾಲು ಕಂಡಿತು. 'ಶುಕ್ರವಾರ: ಹೆಂಡತಿ ಬಿಟ್ಟುಹೋದಳು. ಮನೆಯಲ್ಲಿ ಒಂದು ದಿನವೂ ಅವನು ಅವನಾಗಿರಲಿಲ್ಲ.'

ಅವನು ಕುಣಿದಾಡಿದ. "ಎಂಥಾ ತಲೆ ಕಣೇ ನಿಂದು! ಇದಕ್ಕೆ ಕರಗದವರು ಮನುಷ್ಯರೇ ಅಲ್ಲ."

"ಹಾಗಾದ್ರೆ ನಾನು ಅಕ್ಕನ ಮನೆಗೆ ಹೋಗಿರ್ಲಾ?"

"ಹೋಗು, ಹೋಗು. ಅಕ್ಕಪಕ್ಕದವರು ನಿನ್ನ ನೋಡಿದ್ರೆ ಕೆಟ್ಟಿತು."

"ಬಟ್ಟೆ?"

"ಎಲ್ಲಾ ತಗೊಂಡು ಹೋಗು. ಬೀರು ಖಾಲಿ ಕಾಣ್ಬೇಕು."

"ಸಣ್ಣ ಕ್ಯಾಮೆರಾನೂ ಇಟ್ಕೊಳ್ಲಾ? ಅಕ್ಕ ಕಲೀಬೇಕು ಅಂತಿದ್ಲು."

"ಇಟ್ಕೋ. ನಂಗೆ ದೊಡ್ಡದಿದೆಯಲ್ಲ."

ಪೆಟ್ಟಿಗೆಗಳನ್ನು ಅವನೇ ಹೊತ್ತು ಟ್ಯಾಕ್ಸಿಯಲ್ಲಿಟ್ಟ. ಅವಳು ಹೊರಡುವ ಮುಂಚೆ ಒಮ್ಮೆ ತಿರುಗಿ ನೋಡಿದಳು. "ಆಕ್ಟಿಂಗ್ ಚೆನ್ನಾಗಿ ಮಾಡ್ತೀಯ!" ಎಂದು ಅವನು ಮೆಚ್ಚಿಕೊಂಡ.

ಶುಕ್ರವಾರ ಖಾಲಿ ಬೀರುವಿನ ಮುಂದೆ ಕೂತು ಹತ್ತು ನಿಮಿಷ ಗೋಳಾಡಿದ. ಗಂಟೆಯೊಳಗೆ ಜನ ಉಗಿಯತೊಡಗಿದರು. 'ಬರೀ ನಾಟಕ.' 'ಅಣ್ಣಾ, ಕಣ್ಣು ಒಣಗಿದೆ, ಒರೆಸೋದೇನು?' 'ಅತ್ತಿಗೆ ಹೋಗಿದ್ದೇ ಒಳ್ಳೇದಾಯ್ತು.' ಟೀವಿ ಮೇಡಂ ಫೋನೆತ್ತಲಿಲ್ಲ. ಅವನು ಹೆಂಡತಿಗೆ ಫೋನ್ ಮಾಡಿದ.

"ವಾಪಸ್ ಬಂದ್ಬಿಡು. ಇದು ನಡೀಲಿಲ್ಲ, ಬೇರೆ ಏನಾದ್ರೂ ಬರಿ."

"ಅದು ವಿಡಿಯೋಗೆ ಬರೆದದ್ದಲ್ಲ ರೀ, ನಿಮಗೆ ಬರೆದದ್ದು. ಮನೇಲಿ ನೀವು ಓದೋದು ಆ ಪಟ್ಟಿ ಒಂದೇ ಅಲ್ವಾ?"

ಫೋನ್ ಕಟ್ಟಾಯಿತು. ಅವನಿಗೆ ಕಾರ್ಯಕ್ರಮ ಮರೆತೇಹೋಯಿತು. ಕನ್ನಡಿ ನೋಡದೆ, ಫೋನನ್ನೂ ಅಲ್ಲೇ ಬಿಟ್ಟು, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ಅಕ್ಕನ ಮನೆಯ ಬಾಗಿಲು ತೆರೆದವಳು ಹೆಂಡತಿಯೇ. ಬೈಯಲಿಲ್ಲ. "ಇಲ್ಲಿ ಕೂತ್ಕೊಳ್ಳಿ, ಕಿಟಕಿ ಹತ್ರ," ಎಂದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಅವನು ಕಿಟಕಿಯ ಹತ್ತಿರ ಕೂತ. "ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೇ. ನೀನು ಬರೆದುಕೊಡದೆ ಮಾತಾಡೋಕೂ ಬರಲ್ಲ ನಂಗೆ. ನೀನಿಲ್ಲದ ಮನೇಲಿ ಇರೋಕೆ ಭಯ ಆಗತ್ತೆ."

ಅಷ್ಟೇ. ಗಳಗಳನೆ ಅತ್ತುಬಿಟ್ಟ. ಮೂಗು ಸೋರಿತು, ಬಾಯಿ ಸೊಟ್ಟಗಾಯಿತು. ಎದೆಯ ಮೇಲೆ ಕೈಯಿಡುವುದೂ ನೆನಪಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಜೀವ ಹಗುರಾಯಿತು.

ಅವಳ ಕಣ್ಣೂ ತುಂಬಿತ್ತು. "ಇವತ್ತು ನೀವು ನೀವಾಗಿದ್ದೀರಿ," ಎಂದು ಗಲ್ಲ ಹಿಡಿದು ಅವನ ಮುಖವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು.

ಒಳಗಿನಿಂದ ಅಕ್ಕನ ದನಿ ಬಂತು: "ಬೆಳಕು ಸಾಲಲಿಲ್ಲ ಕಣೇ. ಅವರನ್ನ ಇನ್ನೊಂದು ಸಲ ಅಳಿಸು."