ಎಂಟನೆಯ ತುಂಡು

ಒಬ್ಬ ಯಜಮಾನರಿದ್ದರು. ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಣಿಯೊಳಗೆ ಬಚ್ಚಿಟ್ಟಂತೆ, ಇವರು ತಮ್ಮ ಧ್ವನಿಮುದ್ರಣ ಕೇಂದ್ರದ ಕಂಪ್ಯೂಟರಿನ ಪ್ರಾಣವನ್ನು ನಲವತ್ತೆಂಟು ಅಂಕಿಗಳಲ್ಲಿ ಬಚ್ಚಿಟ್ಟಿದ್ದರು. ಡಿಸ್ಕಿಗೆ ಬೀಗ ಬಿದ್ದರೆ ತೆರೆಯಲು ಆ ಅಂಕಿಗಳೇ ಗತಿ. ಎಲ್ಲವೂ ಒಬ್ಬರ ಬಳಿ ಇರುವುದು ಅಪಾಯವೆಂದು, ಆರಾರು ಅಂಕಿಯ ಎಂಟು ತುಂಡು ಮಾಡಿ, ಏಳನ್ನು ಏಳು ಜನ ನೌಕರರಿಗೆ ಹಂಚಿ, ಎಂಟನೆಯದನ್ನು ತಾವು ಇಟ್ಟುಕೊಂಡರು. ಯಾರೂ ಬರೆದಿಡುವ ಹಾಗಿಲ್ಲ. ಪ್ರತಿ ಸೋಮವಾರ ಒಬ್ಬೊಬ್ಬರೂ ಅವರ ಕೋಣೆಗೆ ಹೋಗಿ “ಮರೆತಿಲ್ಲ ಸಾರ್” ಎಂದು ಹೇಳಿ ಬರಬೇಕು. ಯಜಮಾನರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೊನ್ನೆ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸದು ಹಾಕಿಸಿದ್ದೇ ತಡ, ಕಂಪ್ಯೂಟರಿಗೆ ಅನುಮಾನ ಹುಟ್ಟಿ ನಲವತ್ತೆಂಟು ಅಂಕಿ ಕೇಳುತ್ತಾ ಕುಳಿತುಬಿಟ್ಟಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಸ್ಸಿನ ಕಂಡಕ್ಟರಮ್ಮ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕೂತಿದ್ದರು. ಗಂಟಲಿನ ಆಪರೇಷನ್ನಿಗೆ ಮುಂಚೆ ಹನ್ನೆರಡು ದಿನ ಇಲ್ಲಿಗೆ ಬಂದು, ಸಾವಿರಾರು ಮಾತು ಆಡಿ, ತಮ್ಮ ಧ್ವನಿಯನ್ನು ತುಂಬಿಸಿ ಹೋಗಿದ್ದರು. ಈಗ ಆ ಧ್ವನಿ ಅವರ ಕೊರಳಲ್ಲಿಲ್ಲ. ಇರುವುದು ಈ ಡಿಸ್ಕಿನಲ್ಲಿ ಮಾತ್ರ. ಬೆರಳಲ್ಲಿ ಒತ್ತಿದ್ದನ್ನು ಅವರದೇ ಧ್ವನಿಯಲ್ಲಿ ನುಡಿಯುವ ಪುಟ್ಟ ಯಂತ್ರ ಇವತ್ತು ಅವರ ಕೈಗೆ ಬರುತ್ತದೆಂದು ಯಜಮಾನರು ಮಾತು ಕೊಟ್ಟಿದ್ದರು.

“ಡಿಸ್ಕಿನ ಇನ್ನೊಂದು ಪ್ರತಿ ಎಲ್ಲಿದೆ ಸಾರ್?” ಎಂದಳು ರಿಪೇರಿಗೆ ಬಂದವಳು.

“ಪ್ರತಿ ಮಾಡಿಟ್ರೆ ಗುಟ್ಟು ಸೋರಲ್ವೇನಮ್ಮ?”

ರಿಪೇರಿಯವಳು ನೌಕರರನ್ನು ಕರೆಸಿದಳು. ಏಳು ಜನ ಸಾಲಾಗಿ ಬಂದು ಅವಳ ಕಿವಿಯಲ್ಲಿ ಅಂಕಿ ಉಸುರಿ ಹೋದರು. ಒಬ್ಬರು ಅದಕ್ಕೆ ರಾಗ ಕಟ್ಟಿಕೊಂಡಿದ್ದರು. ಮಧ್ಯದಿಂದ ಹೇಳಲು ಬಾರದೆ ಮೂರು ಸಲ ಮೊದಲಿಂದ ಹಾಡಿದರು. ಒಬ್ಬರು ಹಿಂದಿನಿಂದ ಮುಂದಕ್ಕೆ ಒಪ್ಪಿಸಿ, “ತಿರುಗಿಸಿ ಹಾಕ್ಕೊಳ್ಳಿ” ಎಂದರು. ಮಧ್ಯಾಹ್ನದ ಹೊತ್ತಿಗೆ ಏಳು ತುಂಡು ಸೇರಿದವು.

“ಈಗ ನಿಮ್ಮದು ಹೇಳಿ ಸಾರ್.”

ಯಜಮಾನರು ಸೂರು ನೋಡಿದರು. “ನಾಲ್ಕರಿಂದ ಶುರು. ನಾಲ್ಕೋ... ಏಳೋ.”

“ಸಾರ್!”

“ಆರೇ ಅಂಕಿ ತಾನೇ? ಒಂದೊಂದೇ ಹಾಕಿ ನೋಡ್ತಾ ಹೋಗಮ್ಮ.”

“ಹಾಕ್ತೀನಿ. ನಿಮ್ಮ ಮೊಮ್ಮಗಳು ಅಜ್ಜಿಯಾಗೋ ಹೊತ್ತಿಗೆ ಸಿಗುತ್ತೆ. ಮರೀಬಾರದು ಅಂತ ನೀವು ಏನು ಮಾಡ್ತಿದ್ರಿ, ಅದನ್ನಾದ್ರೂ ನೆನಪು ಮಾಡ್ಕೊಳ್ಳಿ.”

“ದಿನಾ ಗಡ್ಡ ಹೆರೆಯುವಾಗ ಹೇಳ್ಕೊಳ್ತಿದ್ದೆ.”

“ಮತ್ತೆ ಈಗ?”

ಯಜಮಾನರು ಮೆಲ್ಲಗೆ ಗಡ್ಡ ಸವರಿಕೊಂಡರು. ಮೂರು ತಿಂಗಳ ಗಡ್ಡ, ಎದೆ ಮುಟ್ಟಲು ಹೊರಟಿತ್ತು. ರಿಪೇರಿಯವಳು ತಲೆಯ ಮೇಲೆ ಕೈ ಹೊತ್ತಳು. “ಹೇಳ್ಕೊಳ್ಳೋದನ್ನ ಯಾರಾದ್ರೂ ಕೇಳಿಸ್ಕೊಂಡಿದ್ದಾರಾ?”

“ಮನೆಯವಳು. ಆದ್ರೆ ಅವಳ ಹತ್ರ ಮಾತು ಬಿಟ್ಟು ಮೂರು ದಿನ ಆಯ್ತು. ನಾನಾಗಿ ಮಾತಾಡ್ಸೋದಿಲ್ಲ. ಬೇರೆ ದಾರಿ ನೋಡಮ್ಮ.”

ಬಾಗಿಲ ಬಳಿ ಸೀಮೆಸುಣ್ಣ ಕಿರುಗುಟ್ಟಿತು. ಕಂಡಕ್ಟರಮ್ಮ ಎದ್ದು ಬಂದು ತಮ್ಮ ಸ್ಲೇಟನ್ನು ಯಜಮಾನರ ಮೂಗಿನ ಮುಂದೆ ಹಿಡಿದರು. ‘ನಿಮ್ಮ ಗಂಟಲು ಸರಿಯಾಗಿದೆ ತಾನೇ?’

ಯಜಮಾನರು ಎರಡು ಸಲ ಓದಿದರು. ಫೋನು ತೆಗೆದರು. ಬೆರಳು ತಪ್ಪಿ ಸ್ಪೀಕರ್ ಒತ್ತಿಹೋಯಿತು.

“ಏನು, ಬಾಯಿ ಬಂತಾ?” ಎಂದಿತು ಆ ಕಡೆಯ ದನಿ, ಇಡೀ ಕೋಣೆಗೆ ಕೇಳುವಂತೆ.

“ಅದು... ನಾನು ಗಡ್ಡ ಹೆರೆಯುವಾಗ ಹೇಳ್ತಿದ್ದ ಅಂಕಿ...”

“ಮೂರು ದಿನ ಆದ್ಮೇಲೆ ಕೇಳೋದು ಅಂಕಿನಾ? ಊಟ ಆಯ್ತಾ ಅಂತ ಕೇಳಿ ಮೊದಲು.”

ಏಳು ಜನ ನೌಕರರು ಏಳು ದಿಕ್ಕಿಗೆ ಮುಖ ತಿರುಗಿಸಿದರು. “ಊಟ... ಊಟ ಆಯ್ತಾ?”

“ಇಲ್ಲ. ಬರ್ಕೊಳ್ಳಿ. ನಾಲ್ಕು, ಒಂದು, ಎಂಟು, ಆರು, ಎರಡು, ಏಳು. ನಿಮ್ಮ ಆ ಪರಮ ಗುಟ್ಟು ಪಕ್ಕದ ಮನೆಯವರಿಗೂ ಬಾಯಿಪಾಠ. ಸಂಜೆ ಬೇಗ ಬನ್ನಿ.” ಫೋನು ಕುಕ್ಕಿದ ಸದ್ದಾಯಿತು.

ಡಿಸ್ಕು ತೆರೆಯಿತು. ರಿಪೇರಿಯವಳು ಯಾರನ್ನೂ ಕೇಳದೆ ಮೊದಲು ಎರಡು ಪ್ರತಿ ಮಾಡಿದಳು. ಯಜಮಾನರು ಕೆಮ್ಮಿದರು, ಅಷ್ಟೇ. ಆಮೇಲೆ ಧ್ವನಿಯನ್ನು ಯಂತ್ರಕ್ಕೆ ತುಂಬಿಸುತ್ತಾ ಕೂತಳು. ಎಲ್ಲ ಮುಗಿಯುವಷ್ಟರಲ್ಲಿ ಗಂಟೆ ನಾಲ್ಕಾಗಿತ್ತು. ಯಂತ್ರವನ್ನು ಕಂಡಕ್ಟರಮ್ಮನ ಕೈಗಿಟ್ಟಳು.

ಅವರು ಬಹಳ ಹೊತ್ತು ಒಂದೊಂದೇ ಅಕ್ಷರ ಒತ್ತಿದರು. ಯಜಮಾನರು ಅಂಗಿ ಸರಿಪಡಿಸಿಕೊಂಡು, ಧನ್ಯವಾದ ಸ್ವೀಕರಿಸುವ ಮುಖ ಮಾಡಿ ಎದುರಿಗೆ ನಿಂತರು. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥ ಧ್ವನಿಯೊಂದು ಕೋಣೆಯಲ್ಲಿ ಗುಡುಗಿತು:

“ಬೆಳಿಗ್ಗೆಯಿಂದ ಕೂತಿದ್ದೀನಿ, ಒಬ್ಬರಾದ್ರೂ ಒಂದು ಲೋಟ ನೀರು ಬೇಕಾ ಅಂತ ಕೇಳಿದ್ರೇನ್ರೀ?”

ಎಂಟು ಜನರೂ ನೀರಿಗೆ ಓಡಿದರು. ಕಂಡಕ್ಟರಮ್ಮ ಅತ್ತ ನೋಡಲಿಲ್ಲ. ಯಂತ್ರವನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಅದೇ ಬೈಗುಳವನ್ನು ಇನ್ನೊಮ್ಮೆ ಕೇಳಿಸಿಕೊಂಡರು.