ಟಪಾಲಿನ ಕಾರು

ಎಡಗಡೆಯ ಸೀಟು, ಅಂದರೆ ಆ ದೇಶದಲ್ಲಿ ಡ್ರೈವರ್ ಕೂರುವ ಸೀಟು, ಮೊನ್ನೆ ತಾನೇ ಹಾಕಿಸಿದಂತಿತ್ತು. ಬಲಗಡೆಯದು ಮಾತ್ರ ಸವೆದು, ಕುಸಿದು, ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಕಾಲು ಕೀಳುತ್ತಿದ್ದರು. ಕೊರೀನ್‌ಗೆ ನಗು ಬಂತು. ಅವಳು ಹುಡುಕಿಕೊಂಡು ಬಂದದ್ದೇ ಅಂಥ ಕಾರನ್ನು. ಹಳ್ಳಿದಾರಿಯಲ್ಲಿ ಟಪಾಲು ಹಂಚುವವರು ಬಲಗಡೆ ಕೂತು, ಎಡಗಾಲನ್ನು ಆಚೆ ಚಾಚಿ ಪೆಡಲ್ ತುಳಿಯುತ್ತ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಿಂದ ರಸ್ತೆ ಬದಿಯ ಡಬ್ಬಿಗಳಿಗೆ ಕಾಗದ ಹಾಕಬೇಕು. ನಾಳೆ ಸೋಮವಾರದಿಂದ ಅದು ಅವಳ ಕೆಲಸ. ಕಾರು ನಿನ್ನದೇ ಇರಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಪೋಸ್ಟ್‌ಮಾಸ್ಟರ್ ಖಡಾಖಂಡಿತವಾಗಿ ಹೇಳಿದ್ದ. ಎಂಟು ತಿಂಗಳಿಂದ ಕೆಲಸವಿಲ್ಲದೆ ಕೂತವಳು ಅವಳು. ಸುತ್ತಮುತ್ತ ಅವಳ ಕೈಗೆಟುಕುವ ಕಾರು ಇದೊಂದೇ ಉಳಿದಿತ್ತು.

"ಮೂರು ಲಕ್ಷ ಮೈಲಿ ದಾಟಿದೆಯಲ್ಲ ಅಜ್ಜಿ. ನನಗಿಂತ ಜಾಸ್ತಿ ಸವೆದಿದೆ ಇದು."

"ನಿನಗೇನಾಗಿದೆಯೇ, ಗುಂಡುಕಲ್ಲಿನ ಹಾಗಿದೀಯ," ಎಂದಳು ಆರ್ಡಿಸ್. ಕಾರು ಅವಳ ಗಂಡ ಓರ್ವಿಲ್‌ನದು. ಆತ ತೀರಿಕೊಂಡು ಹನ್ನೊಂದು ವಾರವಾಗಿತ್ತು. "ಹೆಂಡ್ತೀನ ಮರೆತರೂ ಇದನ್ನ ಮರೀತಿರಲಿಲ್ಲ ಅವರು. ಹದಿನಾರು ವರ್ಷ ಇದೇ ಕಾರು, ಇದೇ ದಾರಿ."

"ಅವರು ಹೋದಮೇಲೆ ಯಾರು ಓಡಿಸಿದ್ರು?"

"ಯಾರೂ ಇಲ್ಲ. ನನಗಂತೂ ಬರೋದೇ ಇಲ್ಲ. ಇರೋದು ಒಂದೇ ಕೀ, ಅದು ಆವತ್ತು ಅವರ ಜೇಬಲ್ಲೇ ಇತ್ತು."

ಆರ್ಡಿಸ್ ಒಳಗೆ ಹೋಗಿ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲ ತಂದಳು. ಬಾಯಿಗೆ ಹೊಡೆದ ಪಿನ್ನುಗಳು ಹಾಗೇ ಇದ್ದವು. "ಬಿಚ್ಚೋಕೆ ಮನಸ್ಸೇ ಬಂದಿಲ್ಲ. ನೀನೇ ಬಿಚ್ಚು," ಎಂದಳು. ಬೆಲ್ಟು, ಕನ್ನಡಕ, ಅರ್ಧ ತಿಂದ ಪೆಪ್ಪರ್‌ಮೆಂಟ್ ಪೊಟ್ಟಣ, ತಳದಲ್ಲಿ ಕೀ. ಹನ್ನೊಂದು ವಾರ ಅಂಗಳದಲ್ಲಿ ನಿಂತ ಗಾಡಿ, ಬ್ಯಾಟರಿ ಸತ್ತೇ ಹೋಗಿರುತ್ತದೆ ಎಂದು ಕೊರೀನ್ ಅದಕ್ಕೆ ಜೀವ ಕೊಡುವ ಕೇಬಲ್ಲು ಕೂಡ ತಂದಿದ್ದಳು. ಬಲಗಡೆ ಕೂತು ಕೀ ತಿರುಗಿಸಿದ್ದೇ ತಡ, ಎಂಜಿನ್ ಹೊತ್ತಿಕೊಂಡಿತು. ಅಂಗಳದಲ್ಲೇ ಎರಡು ಸುತ್ತು ಹಾಕಿದಳು. ಬ್ರೇಕು ಚೆನ್ನಾಗಿತ್ತು, ಗೇರು ಚೆನ್ನಾಗಿತ್ತು. ಕೆಲಸ ಉಳಿಯಿತು ಎಂದು ಅವಳ ಜೀವ ಹಗುರಾಯಿತು.

ನಿಲ್ಲಿಸುವಾಗ ಮುಂದಿನ ಗಾಜಿನ ಮೂಲೆಯಲ್ಲಿ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಆಯಿಲ್ ಬದಲಿಸಿದ ದಿನ ಮಾರ್ಚ್ 14, ಮೈಲಿ 3,06,510. ಮೀಟರು ಈಗ ತೋರಿಸುತ್ತಿದ್ದುದು 3,10,540.

"ಈ ಚೀಟಿ ಯಾರು ಬರೆದದ್ದು?"

"ಅವರೇ. ಶನಿವಾರ ಟಪಾಲು ಮುಗಿಸಿ ಬಂದು ಆಯಿಲ್ ಬದಲಿಸಿದ್ರು. ಭಾನುವಾರ ಬೆಳಗ್ಗೆ ಎದೆ ನೋಯುತ್ತೆ ಅಂದ್ರು, ಸಂಜೆಗೆ ಹೋಗಿಬಿಟ್ರು."

ನಾಲ್ಕು ಸಾವಿರದ ಮೂವತ್ತು ಮೈಲಿ ಹೆಚ್ಚಿಗೆ. ಮೋಸ ಮಾಡುವವರು ಮೀಟರನ್ನು ಹಿಂದಕ್ಕೆ ತಿರುಗಿಸುತ್ತಾರೆ. ಮುಂದಕ್ಕೆ ತಿರುಗಿಸುವ ಪೆದ್ದರು ಎಲ್ಲಾದರೂ ಉಂಟೇ? ಕೊರೀನ್ ಫೋನು ತೆಗೆದು ಲೆಕ್ಕ ಹಾಕಿದಳು. ನಾಳೆಯಿಂದ ಅವಳು ಸುತ್ತಬೇಕಾದದ್ದು ಓರ್ವಿಲ್ ಸುತ್ತುತ್ತಿದ್ದ ದಾರಿಯನ್ನೇ, ದಿನಕ್ಕೆ ಅರವತ್ತೆರಡು ಮೈಲಿ. ಭಾಗಿಸಿದರೆ ಸರಿಯಾಗಿ ಅರವತ್ತೈದು ಸುತ್ತು. ಒಂದು ಮೈಲಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ತೋಳಿನ ಕೂದಲು ನಿಮಿರಿತು. ಆತ ತೀರಿಕೊಂಡ ಮರುದಿನದಿಂದ ನಿನ್ನೆಯವರೆಗೆ, ಭಾನುವಾರ ಬಿಟ್ಟು, ದಿನಗಳನ್ನು ಬೆರಳು ಮಡಿಸಿ ಎಣಿಸಿದಳು. ಅರವತ್ತಾರು. ಇನ್ನೊಮ್ಮೆ ಎಣಿಸಿದರೂ ಅರವತ್ತಾರೇ. ಸದ್ಯ, ಒಂದು ದಿನ ತಾಳೆಯಾಗಲಿಲ್ಲ! ಹೋದ ಉಸಿರು ಬಂದಂತಾಗಿ ಗಟ್ಟಿಯಾಗಿ ನಕ್ಕುಬಿಟ್ಟಳು.

"ನನ್ನ ತಲೆ ನೋಡಿ ಅಜ್ಜಿ, ಏನೇನೋ ಲೆಕ್ಕ ಹಾಕಿ ಹೆದರಿಕೊಂಡೆ. ದಿನಾ ಕಾರು ತಾನೇ ಟಪಾಲಿಗೆ ಹೋಗಿಬರ್ತಿದೆಯೋ ಏನೋ ಅಂತ! ಒಂದು ದಿನ ಕಮ್ಮಿ ಬಂತು, ಬದುಕಿದೆ."

ಆರ್ಡಿಸ್ ನಗಲಿಲ್ಲ. "ಕಳೆದ ಸೋಮವಾರ ಯೋಧರ ಸ್ಮರಣೆ ದಿನ ಅಲ್ವೇನೇ? ಆವತ್ತು ಟಪಾಲಿಗೆ ರಜೆ," ಎಂದಳು.

ಕೊರೀನ್ ದಡಬಡ ಕೆಳಗಿಳಿದಳು. ನಡು ಮಧ್ಯಾಹ್ನದ ಬಿಸಿಲು. ಗೋಧಿ ಹೊಲದ ನಡುವೆ ರಸ್ತೆ ಖಾಲಿ ಬಿದ್ದಿತ್ತು.

"ಎಂಟೂವರೆಗೆ ಹೊರಡೋ ಸದ್ದು ಕೇಳುತ್ತೆ, ಮೂರಕ್ಕೆ ಬರೋ ಸದ್ದು," ಎಂದಳು ಆರ್ಡಿಸ್, ಹಾಲಿನವನ ವಿಷಯ ಹೇಳುವಷ್ಟೇ ಸಹಜವಾಗಿ. "ನಾನು ಪರದೆ ಸರಿಸಿ ನೋಡೋದಿಲ್ಲ. ಬದಲಿ ಆಳು ಸಿಗದೆ ಅವರಿಗೆ ರಜೆ ಅನ್ನೋದೇ ಇರಲಿಲ್ಲ ಕಣೇ. ಹೆತ್ತ ತಾಯಿ ಸತ್ತ ದಿನವೂ ಟಪಾಲು ಹಂಚಿ ಬಂದೇ ಮಣ್ಣಿಗೆ ಹೋದ್ರು. ಅವರು ಹೋದಮೇಲೂ ಈ ದಾರಿಗೆ ಯಾರೂ ಬರಲಿಲ್ಲ. ಜನ ಪೋಸ್ಟಾಫೀಸಿಗೇ ಹೋಗಿ ಕಾಗದ ತಗೋತಿದ್ದಾರೆ. ಅದು ನನ್ನ ಯಜಮಾನರಿಗೆ ಹೇಗೆ ತಿಳೀಬೇಕು, ಹೇಳು?" ಅವಳ ಕಣ್ಣು ತುಂಬಿತು. "ಈಗ ನೀನು ಬಂದೆ."

ಕೊರೀನ್‌ಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮುಖ ಕಂಡಿರದ ಆ ಮನುಷ್ಯನ ಮೇಲೆ ಅಯ್ಯೋ ಅನ್ನಿಸಿತು. ಕೀ ಅವಳ ಮುಷ್ಟಿಯಲ್ಲೇ ಇತ್ತು. ಇದನ್ನು ಬಿಟ್ಟರೆ ನಾಳೆ ಬೆಳಗ್ಗೆಗೆ ಬೇರೆ ಕಾರಿಲ್ಲ, ಕೆಲಸವೂ ಇಲ್ಲ.

"ಕಾಗದಪತ್ರ ತನ್ನಿ, ತಗೋತೀನಿ," ಎಂದಳು. ಆರ್ಡಿಸ್ ಎರಡು ಹೆಜ್ಜೆ ಇಟ್ಟಿರಲಿಲ್ಲ, ಮನಸ್ಸು ತಡೆಯದೆ ಕೇಳಿಯೇಬಿಟ್ಟಳು: "ಅಜ್ಜಿ, ನನಗೂ ಬದಲಿ ಆಳಿಲ್ಲ. ಒಂದು ದಿನ ಜ್ವರ ಗಿರ ಬಂದು ಮಲಗಿಬಿಟ್ಟರೆ?"

ಆರ್ಡಿಸ್ ಹಿಂದಿರುಗಿ ಬಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಲಗಬೇಡ, ಮಗಳೇ," ಎಂದಳು. "ನೀನು ಮಲಗಿದ ದಿನ ಅವರು ಎದ್ದುಬಿಡ್ತಾರೆ."