ಟೇಪಿನ ಕೆಳಗಿನ ಹಸಿರು

"ಟೇಪು ಯಾರ ಕಡೆ ಅಂಟಿಸ್ಲಿ?" ಎಂದು ಪೇಂಟರ್ ಭೀಮರಾಜು ಕೇಳಿದ್ದೇ ತಪ್ಪಾಯಿತು.

ದೊಡ್ಡೇರಿಯ ಆ ಮನೆಗೆ ಗೋಡೆ ಒಂದು, ಬಾಗಿಲು ಎರಡು. ಅಣ್ಣತಮ್ಮಂದಿರು ಪಾಲಾದ ಮೇಲೆ ಎಡಗಡೆಯದು ಹಿರಿಸೊಸೆ ದಾಕ್ಷಾಯಣಮ್ಮನದು, ಬಲಗಡೆಯದು ಕಿರಿಸೊಸೆ ಆಶಾರಾಣಿಯದು. ಅತ್ತೆ ರಾಜಲಕ್ಷ್ಮಮ್ಮನೂ ಪಾಲಾಗಿದ್ದಳು: ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ಈ ಕಡೆ, ಆಮೇಲೆ ಆ ಕಡೆ. ಈಗ ಹೊರಗೋಡೆಯ ಸರದಿ. ಹಿರಿಯಳಿಗೆ ಕೆನೆ ಬಣ್ಣ, ಕಿರಿಯಳಿಗೆ ನೇರಳೆ. ನಡುವಿನ ಗೆರೆ ಸೊಟ್ಟಗಾಗಬಾರದೆಂದು ಟೇಪು.

"ಟೇಪು ಅವಳ ಜಾಗದಲ್ಲಿ ಅಂಟಿಸಪ್ಪ. ನನ್ನ ಕಡೆ ಯಾಕೆ ಕಮ್ಮಿ ಆಗಬೇಕು?" ಎಂದಳು ದಾಕ್ಷಾಯಣಮ್ಮ.

"ಭೀಮಣ್ಣ, ನನ್ನ ಕಡೆ ಅಂಟಿಸಿದ್ರೆ ಬಣ್ಣದ ಡಬ್ಬ ಎತ್ಕೊಂಡು ಹೋಗ್ತಿರು" ಎಂದಳು ಆಶಾರಾಣಿ. ಇಬ್ಬರಿಗೂ ಮಾತುಕತೆ ಇಲ್ಲದ್ದರಿಂದ ಬೈಗುಳವೆಲ್ಲ ಭೀಮರಾಜುವಿಗೇ ಬಂತು. ಎರಡು ಬೆರಳಗಲದ ಜಾಗಕ್ಕೆ ಅರ್ಧ ದಿನ ಹೋಯಿತು.

"ಮಧ್ಯಕ್ಕೇ ಅಂಟಿಸ್ತೀನಿ ಬುಡ್ರಮ್ಮ" ಎಂದ ಅವನು ಕೊನೆಗೆ. "ಆದ್ರೆ ಈ ಬಿಳಿ ಪೇಪರ್ ಟೇಪು ಆಗಲ್ಲ. ಬಿಸಿಲಿಗೆ ಬೆಂದು ಗೋಡೆ ಹಿಡ್ಕಂಡ್ಬುಡ್ತದೆ. ಕಿತ್ರೆ ಹಳೇ ಬಣ್ಣಾನೂ ಕಿತ್ಕಂಡು ಬರ್ತದೆ. ಹೊರಗಡೆ ಗೋಡೆಗೆ ನೀಲಿ ಟೇಪೇ ಬೇಕು, ಒಂದು ಹನಿ ಬಣ್ಣ ಆ ಕಡೆಯಿಂದ ಈ ಕಡೆ ಬರಲ್ಲ."

ಆ ಕೊನೆಯ ಮಾತು ಇಬ್ಬರಿಗೂ ಹಿಡಿಸಿತು. ಮಧುಗಿರಿಯಿಂದ ನೀಲಿ ಟೇಪು ಬಂತು.

ಎರಡನೇ ಕೋಟು ಮುಗಿಯುವ ಹೊತ್ತಿಗೆ ಅಮಾವಾಸ್ಯೆ. ದಾಕ್ಷಾಯಣಮ್ಮ ಅತ್ತೆಯ ಹಾಸಿಗೆ ಸುತ್ತಿ ತಂದು ಜಗಲಿಯ ಮೇಲಿಟ್ಟಳು. "ನನ್ನ ತಿಂಗಳು ಮುಗೀತು ಕಣತ್ತೆ."

ಆಶಾರಾಣಿ ತನ್ನ ಬಾಗಿಲಿಗೆ ಅಡ್ಡ ನಿಂತಳು. "ನಮ್ಮ ಮನೆ ಒಳಗೂ ಬಣ್ಣ ಹಸಿ ಐತೆ. ಒಣಗಿದ್ಮೇಲೆ ಬನ್ನಿ ಅತ್ತೆ, ಅಲ್ಲೀಗಂಟ ಅಲ್ಲೇ ಇರಿ."

"ಅಲ್ಲೇ ಅಂದ್ರೆ ಎಲ್ಲವ್ವಾ?" ಎಂದು ಮುದುಕಿ ಕೇಳಿದಳು. ಸೊಸೆಯರಿಬ್ಬರೂ ಭೀಮರಾಜುವಿನ ಮುಖ ನೋಡಿದರು. ಮದುವೆಯಾಗಿ ಬಂದಂದಿನಿಂದ ತಾನೇ ಸಾರಿಸಿದ ಜಗಲಿಯಲ್ಲಿ ಕೂರಲು ರಾಜಲಕ್ಷ್ಮಮ್ಮ ಈಗ ಜಾಗ ಕೇಳಬೇಕಾಗಿತ್ತು.

ಭೀಮರಾಜು ಆ ಗೋಜಿಗೆ ಹೋಗದೆ ಟೇಪು ಎಳೆಯತೊಡಗಿದ. ದುಬಾರಿ ನೀಲಿ ಟೇಪು ಅವನ ಮಾತು ಉಳಿಸಿತು. ಎಲ್ಲೂ ಹರಿಯದೆ, ಏನನ್ನೂ ಕೀಳದೆ ಸೂರಿನಿಂದ ಜಗಲಿವರೆಗೆ ಬಿಡಿಸಿಕೊಂಡು ಬಂತು. ಕೆನೆಗೂ ನೇರಳೆಗೂ ನಡುವೆ ಹಳೆಯ ತಿಳಿಹಸಿರಿನ ಪಟ್ಟೆ ಉಳಿಯಿತು. ಮುದುಕಿಯ ಗಂಡ ಚನ್ನಮಲ್ಲಯ್ಯ ಬದುಕಿದ್ದಾಗ ತಾನೇ ನಿಂತು ಹೊಡೆಸಿದ ಬಣ್ಣ.

"ಇದು ಯಾರ್ದು? ಯಾವ ಬಣ್ಣ ಹೊಡೀಲಿ?" ಎಂದ ಭೀಮರಾಜು.

"ನಂದು" ಎಂದರು ಓರಗಿತ್ತಿಯರಿಬ್ಬರೂ. ಪಾಲಾದ ಮೇಲೆ ಅವರಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.

ರಾಜಲಕ್ಷ್ಮಮ್ಮ ಸುತ್ತಿಟ್ಟ ಹಾಸಿಗೆಯನ್ನು ಎಳೆದುಕೊಂಡು ಹೋಗಿ ಪಟ್ಟೆಯ ಬುಡದಲ್ಲಿ ಹಾಕಿ ಕೂತಳು. ಬೆನ್ನನ್ನು ಗೋಡೆಗೆ ಆನಿಸಹೋದಳು.

"ಅಜ್ಜಿ, ಒರಗಬ್ಯಾಡ. ಹಸಿ ಐತೆ, ಸೀರೆಗೆ ಅಂಟ್ತದೆ" ಎಂದ ಭೀಮರಾಜು.

"ಇದು ಒಣಗಿ ಭಾಳ ವರ್ಷ ಆಯ್ತು ಕಣಪ್ಪ" ಎಂದು ಮುದುಕಿ ಒರಗಿಕೊಂಡಳು.